ಶ್ಯಾಮಣ್ಣನಿಗೆ ಮುಂಗಡ ಕೃತಜ್ಞತೆ

ಕಾರ್ಖಾನೆಗಳಲ್ಲಿ ಎರಡನೇ ಶಿಫ್ಟು ನಿಲ್ಲಿಸುತ್ತಾರಂತೆ ಎಂಬ ಸುದ್ದಿ ಹೊಸೂರಿನ ಟೀ ಅಂಗಡಿಗಳಿಗೆ ಬಂದು ಮುಟ್ಟುವ ಮೊದಲೇ ಊರಿನ ದಾನಿಗಳ ಕೈಗೆ ಲಕ್ವ ಹೊಡೆದಿತ್ತು. ಲಾರಿಗೆ ಬಿಡಿಭಾಗ ಮಾಡುವವರು ಆರ್ಡರಿಲ್ಲ ಎಂದು ಕೈ ಎತ್ತಿದರೆ ಅದಕ್ಕೊಂದು ಅರ್ಥವಿದೆ. ಮಿಠಾಯಿ ಅಂಗಡಿಯ ರಾಮಯ್ಯನೂ ಕೈ ಎತ್ತಿದ. ಅವನ ಅಂಗಡಿಯ ಮುಂದೆ ನಿಂತ ಸ್ಕೂಟರುಗಳಿಂದ ಬಸ್ಸು ತಿರುಗುವುದಕ್ಕೂ ಜಾಗವಿರಲಿಲ್ಲ. ಕೊನೆಗೆ ಜಾತಕ ನೋಡುವವನು ಸಹ "ಮಾರ್ಕೆಟ್ ಡೌನು" ಎಂದು ನಿಟ್ಟುಸಿರು ಬಿಟ್ಟ. ಜನಕ್ಕೆ ಕಷ್ಟ ಹೆಚ್ಚಾದಷ್ಟೂ ಅವನ ಬಾಗಿಲಲ್ಲಿ ಚಪ್ಪಲಿ ಹೆಚ್ಚಾಗುತ್ತದೆ ಎನ್ನುವುದು ಬೀದಿಗೆಲ್ಲ ಗೊತ್ತಿದ್ದ ಮಾತು.

ಈ ಲಕ್ವದ ಪೆಟ್ಟು ನೇರವಾಗಿ ಬಿದ್ದದ್ದು ಚೆನ್ನಕೇಶವನ ತಲೆಯ ಮೇಲೆ. ಗಡಿಯಾರ ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ ಮಾಡಿ ನಿವೃತ್ತನಾದ ಈತ ಗಡಿನಾಡು ಕನ್ನಡ ಸೇವಾ ಟ್ರಸ್ಟಿನ ಕಾರ್ಯದರ್ಶಿ. ಟ್ರಸ್ಟಿನಲ್ಲಿ ಪದಾಧಿಕಾರಿಗಳು ಒಂದು ಸಾಲು ಕುರ್ಚಿ ತುಂಬುವಷ್ಟಿದ್ದರು, ಕೆಲಸ ಮಾತ್ರ ಒಂದೇ ಇತ್ತು. ಜವಳಗಿರಿಯ ಕಾಡಂಚಿನ ಹಟ್ಟಿಗಳಿಂದ ಮಕ್ಕಳನ್ನು ತಳಿ ಎಂಬ ಊರಿನ ಹೈಸ್ಕೂಲಿಗೆ ಕರೆದುಕೊಂಡು ಹೋಗಿ ಬರುವ ಹಳೆಯ ವ್ಯಾನೊಂದನ್ನು ಓಡಿಸುವುದು. ಈಗ ಡೀಸೆಲ್ಲಿಗೆ ಗತಿಯಿರಲಿಲ್ಲ. ಸೋಮವಾರದಿಂದ ವ್ಯಾನ್ ನಿಲ್ಲುತ್ತದೆ ಎಂದು ಡ್ರೈವರ್ ಹೇಳಿದ ದಿನವೇ ಪಿಳ್ಳಮ್ಮನ ಫೋನು ಬಂತು. ಅವಳ ಮೊಮ್ಮಗಳು ಮೇಘಶ್ರೀ ಹತ್ತನೇ ಕ್ಲಾಸು.

"ಕೇಶವಪ್ಪ, ರಾಗಿ ತೆನೆ ಕಟ್ಕಂಡದೆ, ಆನೆ ಇಳ್ದವೆ. ಗಾಡಿ ನಿಂತ್ರೆ ನಾನು ಹೆಣ್ಣುಡ್ಗೀನ ಆ ದಾರೀಲಿ ನಡ್ಸಾಕಿಲ್ಲ. ಮನೇಲೇ ಇಟ್ಕತ್ತೀನಿ. ಮನೇಲಿಟ್ಕಂಡ್ರೆ ಅವ್ರಪ್ಪ ಸುಮ್ಕಿರಾಕಿಲ್ಲ, ಗಂಡು ನೋಡ್ತಾನೆ. ಆಮೇಲೆ ನನ್ನ ಬೈಬ್ಯಾಡ."

"ಗಾಡಿ ನಿಲ್ಲಲ್ಲ ಪಿಳ್ಳಮ್ಮ. ನಾನಿದೀನಲ್ಲ" ಎಂದ ಚೆನ್ನಕೇಶವ. ಅವನು ಇದ್ದ, ಅದರಲ್ಲಿ ಸುಳ್ಳಿರಲಿಲ್ಲ. ಡೀಸೆಲ್ ಇರಲಿಲ್ಲ ಅಷ್ಟೆ.

ಅದೇ ವಾರ ಬಾಗಲೂರು ರಸ್ತೆಯ ಹೋಟೆಲೊಂದರಲ್ಲಿ "ಆರ್ಥಿಕ ಹಿಂಜರಿತದಲ್ಲಿ ದೇಣಿಗೆ ಸಂಗ್ರಹ" ಎಂಬ ಶಿಬಿರ ನಡೆಯಿತು. ಬೆಂಗಳೂರಿನಿಂದ ಬಂದ ತಜ್ಞನೊಬ್ಬ ಗೋಡೆಯ ಮೇಲೆ ಬಾಣದ ಗುರುತುಗಳನ್ನು ಮೂಡಿಸಿ, ದಾನಿ ಎಂದರೆ ಸಂಬಂಧ, ಸಂಬಂಧ ಎಂದರೆ ಪ್ರಯಾಣ ಎಂದು ಬೆಳಗಿನಿಂದ ಊಟದವರೆಗೆ ಹೇಳಿದ. ದುಡ್ಡು ಎಲ್ಲಿಂದ ತರಬೇಕು ಎಂದು ಮಾತ್ರ ಹೇಳಲಿಲ್ಲ. ಅವನಿಗೆ ಗೊತ್ತಿದ್ದರೆ ಅವನೇಕೆ ಹೊಸೂರಿಗೆ ಬಂದು ಶುಲ್ಕ ಇಟ್ಟುಕೊಂಡು ಪಾಠ ಹೇಳುತ್ತಿದ್ದ? ಊಟವಾದ ಮೇಲೆ ಚೆನ್ನಕೇಶವನ ಕಣ್ಣು ಎಳೆಯತೊಡಗಿತು. ಕಣ್ಣು ಬಿಟ್ಟಾಗ ಕಿವಿಗೆ ಬಿದ್ದದ್ದು ಒಂದೇ ಮಾತು. "ದಾನಿ ಕೊಡುವ ಮೊದಲೇ ಅವನಿಗೆ ಕೃತಜ್ಞತೆ ಹೇಳಿಬಿಡಿ. ಹೇಳಿಸಿಕೊಂಡ ಮೇಲೆ ಅವನು ಕೊಡದೆ ಇರಲಾರ."

ಚೆನ್ನಕೇಶವನಿಗೆ ತಟ್ಟನೆ ಶ್ಯಾಮಣ್ಣ ನೆನಪಾದ. ಶ್ಯಾಮಣ್ಣ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಬೋಲ್ಟು ನಟ್ಟು ಮಾಡುವ ಸಣ್ಣ ಕಾರ್ಖಾನೆ ಇಟ್ಟವನು, ಅದಕ್ಕಿಂತ ದೊಡ್ಡದಾಗಿ ಸೈಟು ಮಾರುವವನು. ಹೋದ ವರ್ಷ ರಾಜ್ಯೋತ್ಸವದ ವೇದಿಕೆಯಲ್ಲಿ ಶಾಲು ಹೊದಿಸಿಕೊಂಡ ಹುರುಪಿನಲ್ಲಿ "ಮಕ್ಕಳ ಗಾಡಿಗೆ ಒಂದು ವರ್ಷದ ಡೀಸೆಲ್ ನಂದು" ಎಂದು ಮೈಕಿನಲ್ಲಿ ಕೂಗಿದ್ದ. ಮೈಕು ಆಫಾದ ಕೂಡಲೇ ಅವನ ನೆನಪೂ ಆಫಾಗಿತ್ತು. ಕೇಳಲು ಹೋದಾಗಲೆಲ್ಲ ಆರ್ಡರಿಲ್ಲ, ಮಾರ್ಕೆಟ್ಟಿಲ್ಲ, ಮುಂದಿನ ತಿಂಗಳು ನೋಡೋಣ. ಈಗಂತೂ ಹೆಂಡತಿ ಕಮಲಮ್ಮನನ್ನು ಕರೆದುಕೊಂಡು ಸಕ್ಕರೆ ಕಾಯಿಲೆಗೆ ಪ್ರಕೃತಿ ಚಿಕಿತ್ಸೆ ಎಂದು ಎಲ್ಲೋ ಬೆಟ್ಟದ ಮೇಲಿನ ಆಶ್ರಮಕ್ಕೆ ಹೋಗಿ ಕೂತಿದ್ದ. ಅಲ್ಲಿ ಮೊದಲು ಫೋನು ಕಸಿದುಕೊಳ್ಳುತ್ತಾರಂತೆ, ಆಮೇಲೆ ಊಟ.

"ಪೋಸ್ಟರ್ ಹಾಕ್ತೀನಿ. ಊರ ತುಂಬ ಅವನ ಮುಖ ಇರ್ಬೇಕು. ವಾಪಸ್ ಬಂದು ನೋಡಿದ್ರೆ ನಾಚ್ಕೆಯಾಗಿ ಕೊಡ್ತಾನೆ" ಎಂದು ಮನೆಗೆ ಬಂದು ಹೆಂಡತಿ ಶಶಿಕಲಾಗೆ ಹೇಳಿದ.

"ಅವನಿಗೆ ನಾಚ್ಕೆ ಇದ್ದಿದ್ರೆ ನಿಮಗೆ ಪೋಸ್ಟರ್ ಯಾಕೆ ಬೇಕಿತ್ತು? ಸುಮ್ಕೆ ಊಟ ಮಾಡಿ ಮಲ್ಕಳಿ" ಎಂದಳು ಶಶಿಕಲಾ. ಗಂಡನ ಯೋಜನೆಗಳನ್ನು ಅವಳು ಮೂವತ್ತು ವರ್ಷದಿಂದ ನೋಡುತ್ತ ಬಂದವಳು.

ಬಸ್ ಸ್ಟ್ಯಾಂಡಿನ ಹಿಂದೆ ಕುಮಾರೇಶನ ಪ್ರೆಸ್ಸು. ಅವನೂ ಹಿಂಜರಿತದ ಬಗ್ಗೆ ಗೋಳಾಡಿದ. "ಮದ್ವೆ ಪತ್ರಿಕೆ ನಿಂತೋಗ್ಬುಟ್ಟದೆ ಅಣ್ಣ, ಎಲ್ರೂ ಫೋನಲ್ಲೇ ಕಳಿಸ್ತಾರೆ. ಸಾವಿನ ಪೋಸ್ಟರ್ ಒಂದ್ರಲ್ಲಿ ಹೊಟ್ಟೆ ತುಂಬ್ತಾ ಅದೆ."

"ನಂದು ಶುಭ ಕಾರ್ಯದ್ದು ಕಣ್ಲಾ. ಆದ್ರೆ ದುಡ್ಡಿಲ್ಲ. ಎಷ್ಟು ಕಮ್ಮಿ ಆಯ್ತದೋ ಅಷ್ಟು ಕಮ್ಮೀಲಿ ಮಾಡ್ಬೇಕು."

"ಹಂಗಾದ್ರೆ ಕಲರ್ ಬೇಡ, ಕಪ್ಪು ಒಂದೇ ಹೊಡ್ಯವ. ಡಿಸೈನ್ ಚಾರ್ಜೂ ಬೇಡ, ರೆಡಿ ಇರೋದ್ರಲ್ಲೇ ಕೂರಿಸ್ಬುಡ್ತೀನಿ" ಎಂದ ಕುಮಾರೇಶ. ಅವನ ಕಂಪ್ಯೂಟರಿನಲ್ಲಿ ರೆಡಿ ಇದ್ದದ್ದು ಎಂಥದ್ದು ಎಂದು ಚೆನ್ನಕೇಶವ ಕೇಳಲಿಲ್ಲ. ನಡುವೆ ಮೊಟ್ಟೆಯಾಕಾರದಲ್ಲಿ ಶ್ಯಾಮಣ್ಣನ ಮುಖ, ಎಡಕ್ಕೊಂದು ದೀಪ, ಬಲಕ್ಕೊಂದು ದೀಪ, ಕೆಳಗೆ ಟ್ರಸ್ಟಿನ ಹೆಸರು ಮತ್ತು ಫೋನ್ ನಂಬರು. ಅಕ್ಷರವೆಲ್ಲ ಕನ್ನಡದಲ್ಲೇ ಇರಬೇಕೆಂದು ಚೆನ್ನಕೇಶವ ಹಟ ಹಿಡಿದ, ಅದು ಟ್ರಸ್ಟಿನ ಮರ್ಯಾದೆಯ ಪ್ರಶ್ನೆ. ಒತ್ತಕ್ಷರಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದ. ಎಲ್ಲ ಸರಿಯಾಗಿದ್ದವು. ದೀಪ ನೋಡಿ ಲಕ್ಷಣವಾಗಿದೆ ಎಂದು ತಲೆದೂಗಿದ.

ತಾಯ್ನುಡಿಯ ಈ ಅಭಿಮಾನದಲ್ಲಿ ಒಂದು ಸಣ್ಣ ತೊಡಕಿತ್ತು. ಹೊಸೂರಿನಲ್ಲಿ ಮನೆಯೊಳಗೆ ಕನ್ನಡ ಆಡುವವರು ಬೇಕಾದಷ್ಟಿದ್ದರು, ಓದುವವರು ಎಲ್ಲೋ ಅಷ್ಟಿಷ್ಟು. ಮಿಕ್ಕವರೆಲ್ಲ ತಮಿಳು ಶಾಲೆಯಲ್ಲಿ ಕಲಿತವರು. ಪೋಸ್ಟರಿನಲ್ಲಿ ಅವರಿಗೆ ಕಂಡದ್ದು ಕಪ್ಪು ಬಿಳುಪಿನ ಒಂದು ಮುಖ ಮತ್ತು ಎರಡು ದೀಪ. ಆ ಭಾಗದಲ್ಲಿ ಅದರ ಅರ್ಥ ಹಾಲು ಕುಡಿಯುವ ಮಗುವಿಗೂ ಗೊತ್ತು.

ಬೆಳಿಗ್ಗೆ ಚೆನ್ನಕೇಶವ ಟ್ರಸ್ಟಿನ ಕೋಣೆಯ ಬೀಗ ತೆಗೆಯುವಷ್ಟರಲ್ಲಿ ಮಿಠಾಯಿ ರಾಮಯ್ಯ ಕೈಯಲ್ಲಿ ದಪ್ಪನೆಯ ಗುಲಾಬಿ ಹಾರ ಹಿಡಿದು ನಿಂತಿದ್ದ. ಕಣ್ಣಲ್ಲಿ ನೀರಿತ್ತು. ಅಷ್ಟು ನೀರು ಬರಿಸಲು ಅವನು ದಾರಿಯುದ್ದಕ್ಕೂ ಶ್ರಮಪಟ್ಟಿರಬೇಕು.

"ಮೊನ್ನೆ ಮೊನ್ನೆ ನನ್ ಅಂಗಡೀಲಿ ಮೈಸೂರ್ ಪಾಕ್ ತಿಂದಿದ್ನಲ್ಲಪ್ಪ! ಹೋಗ್ಬುಟ್ನಾ?"

"ಎಲ್ಲಿಗೆ?" ಎಂದ ಚೆನ್ನಕೇಶವ.

"ಹಿಂಗೆ ಕೇಳಿದ್ರೆ ಏನ್ ಹೇಳಾನ" ಎಂದು ರಾಮಯ್ಯ ಅವನ ಭುಜದ ಮೇಲೆ ತಲೆಯಿಟ್ಟ.

ಚೆನ್ನಕೇಶವ ಬೆಚ್ಚಿಬಿದ್ದು ಹಾರವನ್ನೂ ತಲೆಯನ್ನೂ ದೂರ ತಳ್ಳಿ, ಶ್ಯಾಮಣ್ಣ ಬದುಕಿದ್ದಾನೆ, ಅದು ಕೃತಜ್ಞತೆಯ ಪೋಸ್ಟರು ಎಂದು ಹೇಳಿದ. ರಾಮಯ್ಯ ಕರುಣೆಯಿಂದ ನೋಡಿದ. ಆಪ್ತರು ಹೋದಾಗ ಮೊದಮೊದಲು ಎಲ್ಲರೂ ಹೀಗೇ ಅನ್ನುತ್ತಾರೆ ಎಂದು ಪಕ್ಕದವನಿಗೆ ಹೇಳಿದ. ಅಷ್ಟರಲ್ಲಿ ಪಕ್ಕದವರು ಅನೇಕರಾಗಿದ್ದರು. ನಗರಸಭೆಯ ಆರೋಗ್ಯ ಇನ್‌ಸ್ಪೆಕ್ಟರು ಗೋಡೆಗೆ ಪೋಸ್ಟರು ಅಂಟಿಸಿದ್ದಕ್ಕೆ ದಂಡ ಹಾಕಲು ಬಂದವರು ಮುಖ ನೋಡಿದ್ದೇ ಟೋಪಿ ತೆಗೆದು, "ಐಯೋ ಪಾವಂ, ನಲ್ಲ ಮನುಷನ್" ಎಂದು ದಂಡ ಮನ್ನಾ ಮಾಡಿದರು. ಒಳ್ಳೆಯ ಮನುಷ್ಯ ಎಂಬ ಮಾತು ಶ್ಯಾಮಣ್ಣನ ಬಗ್ಗೆ ಯಾವ ಭಾಷೆಯಲ್ಲೂ ಬಂದದ್ದು ಅದೇ ಮೊದಲು. ಕರೆಯದೆ ತಮಟೆಯವರೂ ಬಂದು ಬಾಗಿಲಲ್ಲಿ ತಮಟೆ ಕಾಯಿಸತೊಡಗಿದರು.

"ಬದುಕವ್ನೆ ಕಣ್ರಪ್ಪ!" ಎಂದು ಚೆನ್ನಕೇಶವ ಕೂಗಿದ. ತಮಟೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಆಗ ಬಂದವನು ಆವುಲಪ್ಪ. ಕಮಲಮ್ಮನ ತಮ್ಮ, ಶ್ಯಾಮಣ್ಣನ ಕಾರ್ಖಾನೆ ನೋಡಿಕೊಳ್ಳುವವನು. ಕೂದಲು ಕೆದರಿಕೊಂಡು, ಅಂಗಿಯ ಗುಂಡಿ ಕೆಳಗೆ ಮೇಲೆ ಹಾಕಿಕೊಂಡು ಓಡಿಬಂದು ಚೆನ್ನಕೇಶವನ ಕೈ ಹಿಡಿದ.

"ಅಣ್ಣಾ, ನಮ್ ಬಾವ ಸತ್ತಿರೋದು ಊರಿಗೆಲ್ಲ ಗೊತ್ತು. ಬಾಮೈದ ನಂಗೆ ಯಾಕಣ್ಣ ಹೇಳ್ನಿಲ್ಲ?"

"ನಿಂಗ್ಯಾರ್ಲಾ ಹೇಳಿದ್ದು ಸತ್ತ ಅಂತ?"

"ನೀವೇ ಪೋಸ್ಟರ್ ಹಾಕಿದೀರಲ್ಲಣ್ಣ!"

"ಅದ್ರಲ್ಲೇನ್ ಬರ್ದದೆ ಓದ್ನೋಡು!"

"ನಂಗೆ ಕನ್ನಡ ಓದಾಕ್ ಬರಾಕಿಲ್ಲ, ನಾನ್ ತಮಿಳ್ ಮೀಡಿಯಂ" ಎಂದು ಆವುಲಪ್ಪ ಇನ್ನೂ ಜೋರಾಗಿ ಅತ್ತ. "ಆಶ್ರಮಕ್ಕೆ ಫೋನ್ ಮಾಡ್ದೆ ಅಣ್ಣ. ಅವ್ರು ಈಗ ಮೌನದಲ್ಲವ್ರೆ, ಯಾರ್ ಜೊತೇಲೂ ಮಾತಾಡಾಕಿಲ್ಲ ಅಂದ್ಬುಟ್ಟು ಇಟ್ಬುಟ್ರು."

ಚೆನ್ನಕೇಶವ ಮನಸ್ಸಿನಲ್ಲೇ ಸಾಕ್ಷಿಗಳನ್ನು ಎಣಿಸಿದ. ರಾಮಯ್ಯ ಅಳುತ್ತಿದ್ದಾನೆ, ಸರ್ಕಾರದ ಇನ್‌ಸ್ಪೆಕ್ಟರು ಟೋಪಿ ತೆಗೆದಿದ್ದಾರೆ, ಸ್ವಂತ ಬಾಮೈದನೇ ಬಂದು ಹೇಳುತ್ತಿದ್ದಾನೆ, ಆಶ್ರಮದವರೂ ಹಾಗೇ ಅಂದಿದ್ದಾರೆ. ಇಷ್ಟು ಜನ ಸತ್ತ ಎನ್ನುವಾಗ ತಾನೊಬ್ಬ ಬದುಕಿದ್ದಾನೆ ಎನ್ನುವುದು ಸೊಕ್ಕಾದೀತು. ತಾನು ಕೃತಜ್ಞತೆ ಹೇಳಿದ ಹೊತ್ತೂ ಅವನು ಪ್ರಾಣ ಬಿಟ್ಟ ಹೊತ್ತೂ ಹೇಗೋ ಕೂಡಿ ಬಂದಿದೆ ಎಂದು ಸಮಾಧಾನ ಮಾಡಿಕೊಂಡು ಅವನೂ ಕಣ್ಣೊರೆಸಿಕೊಂಡ.

ಆವುಲಪ್ಪ ಮೂಗೊರೆಸಿಕೊಂಡು ಕಿವಿಯ ಹತ್ತಿರ ಬಂದ. "ಅಂದಂಗೆ ಅಣ್ಣ, ಬಾವನ ಏಸಿ ರೂಮಲ್ಲಿರೋ ಕುರ್ಚೀಲಿ ನಾನು ಇವತ್ತಿಂದ ಕೂತ್ಕಂಡ್ರೆ ತಪ್ಪಾಗಾಕಿಲ್ಲ ಅಲ್ವಾ?"

ಮುಂದೆ ನಡೆದದ್ದನ್ನು ಬೆಂಗಳೂರಿನ ತಜ್ಞ ನೋಡಿದ್ದರೆ ತನ್ನ ಬಾಣದ ಗುರುತುಗಳನ್ನೆಲ್ಲ ಅಳಿಸಿ ಹಾಕುತ್ತಿದ್ದ. ಪೋಸ್ಟರಿನಲ್ಲಿ ಟ್ರಸ್ಟಿನ ನಂಬರಿದ್ದುದರಿಂದ ಶ್ರದ್ಧಾಂಜಲಿ ಏರ್ಪಾಟು ಟ್ರಸ್ಟಿನದ್ದೇ ಎಂದು ಊರು ತೀರ್ಮಾನಿಸಿತು. ದೊಡ್ಡ ಪೋಸ್ಟರೊಂದು ಬರಬೇಕು, ಅದರಲ್ಲಿ ದುಃಖತಪ್ತರ ಹೆಸರು, ಭಾವಚಿತ್ರ ಇರಬೇಕು, ಅದಕ್ಕೆ ತಮ್ಮ ಕೈಲಾದದ್ದನ್ನು ಟ್ರಸ್ಟಿಗೆ ಕೊಡುತ್ತೇವೆ ಎಂದು ಒಬ್ಬರ ಹಿಂದೊಬ್ಬರು ಬಂದರು. ಮೊದಲು ಬಂದವನು ರಾಮಯ್ಯ. ಮಕ್ಕಳ ವ್ಯಾನಿಗೆಂದು ಚೆನ್ನಕೇಶವ ಕಾಲು ಸವೆಸಿ ತಿರುಗಿದಾಗ ಅರ್ಧ ಕೇಜಿ ಬೂಂದಿ ಕೊಟ್ಟು ಕಳಿಸಿದವನು, ಈಗ ನೋಟಿನ ಕಟ್ಟನ್ನೇ ಮೇಜಿನ ಮೇಲಿಟ್ಟ.

"ನನ್ ಫೋಟೋ ಜಾತಕದೋನ ಫೋಟೋಗಿಂತ ದೊಡ್ದಾಗಿರ್ಲಿ. ಸತ್ತೋನು ನಂಗೆ ಹತ್ರದೋನು."

ಜಾತಕದವನು ಇದನ್ನು ಕೇಳಿ ಇನ್ನೂ ದೊಡ್ಡ ಕಟ್ಟು ತಂದ. ಲಾರಿಗೆ ಆರ್ಡರಿಲ್ಲದವರು, ಮಾರ್ಕೆಟ್ಟಿಲ್ಲದವರು, ಮಗಳ ಮದುವೆ ಇದ್ದವರು, ಎಲ್ಲರ ಲಕ್ವವೂ ಒಂದೇ ದಿನದಲ್ಲಿ ವಾಸಿಯಾಯಿತು. ಬದುಕಿರುವ ಮಕ್ಕಳ ಮುಂದೆ ಮುದುಡಿ ಕೂತಿದ್ದ ಕೈಗಳು ಸತ್ತವನ ಪಕ್ಕದಲ್ಲಿ ತಮ್ಮ ಮುಖ ಕಾಣುತ್ತದೆ ಎಂದಾಗ ತೆರೆದುಕೊಂಡವು. ಈ ಜನಕ್ಕೆ ಏನನ್ನಬೇಕು? ಚೆನ್ನಕೇಶವ ರಶೀತಿ ಹರಿದುಕೊಟ್ಟ. ಮಕ್ಕಳ ಪರೀಕ್ಷೆ ಮುಗಿಯುವವರೆಗೆ ವ್ಯಾನ್ ಓಡುವಷ್ಟಾಯಿತು. ಅವನು ಒಳಗೊಳಗೇ ಶ್ಯಾಮಣ್ಣನಿಗೆ ಕೈಮುಗಿದು, ಬದುಕಿದ್ದಾಗ ನಿನ್ನನ್ನು ಬೈದದ್ದು ತಪ್ಪಾಯಿತು ಎಂದುಕೊಂಡ.

"ಹೆಣ ಎಲ್ಲಿ?" ಎಂದು ಶಶಿಕಲಾ ಒಂದೇ ಮಾತು ಕೇಳಿದಳು.

"ಆಶ್ರಮದಲ್ಲೇ ಮಣ್ಣು ಮಾಡಿರ್ಬೇಕು. ಅಲ್ಲಿ ಎಲ್ಲಾನೂ ಪ್ರಕೃತಿ ಪ್ರಕಾರ" ಎಂದ ಚೆನ್ನಕೇಶವ. ಶಶಿಕಲಾ ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಭಾನುವಾರ ಕಲ್ಯಾಣ ಮಂಟಪದಲ್ಲಿ ಶ್ರದ್ಧಾಂಜಲಿ ಸಭೆ. ವೇದಿಕೆಯ ಮೇಲೆ ಆಳೆತ್ತರದ ಶ್ಯಾಮಣ್ಣ, ಕೊರಳಲ್ಲಿ ಗಂಧದ ಹಾರ. ಪಕ್ಕದಲ್ಲಿ ಮೊದಲ ಪೋಸ್ಟರನ್ನೂ ಅಂಟಿಸಿದ್ದರು. ಮುಂದಿನ ಸಾಲಿನಲ್ಲಿ ದುಃಖತಪ್ತರು, ಕಾಫಿ ಇನ್ನೂ ಬಂದಿಲ್ಲವೆಂದು ಮತ್ತಷ್ಟು ದುಃಖದಲ್ಲಿದ್ದರು. ಹಿಂದಿನ ಸಾಲಿನಲ್ಲಿ ಪಿಳ್ಳಮ್ಮ, ಹಟ್ಟಿಯ ನಾಲ್ಕಾರು ಹೆಂಗಸರ ಜೊತೆ ಅದೇ ವ್ಯಾನಿನಲ್ಲಿ ಬಂದಿದ್ದಳು. ಗಾಡಿಗೆ ಎಣ್ಣೆ ಕೊಟ್ಟ ಪುಣ್ಯಾತ್ಮ ಹೋಗಿಬಿಟ್ಟ ಎಂದು ಯಾರೋ ಹೇಳಿದ್ದರು. ಅವಳು ನಿಜವಾಗಿ ಅಳುತ್ತಿದ್ದಳು. ಆ ಮಂಟಪದಲ್ಲಿ ಹಾಗೆ ಅಳುತ್ತಿದ್ದವಳು ಅವಳೊಬ್ಬಳೇ.

ರಾಮಯ್ಯ ಮೈಕು ಹಿಡಿದ. "ಶ್ಯಾಮಣ್ಣ ಕರ್ಣ! ಕೇಳಿದ್ರೆ ಇಲ್ಲ ಅಂದೋನೇ ಅಲ್ಲ! ಅವ್ನು ಒಂದೇ ಒಂದ್ಸಲ ಎದ್ದು ಬಂದ್ರೆ ನಾನು ನನ್ ಅಂಗಡೀನೇ ಬರ್ಕೊಟ್ಬುಡ್ತೀನಿ!"

ಬಾಗಿಲಲ್ಲಿ ಕಾರು ನಿಂತಿತು. ಬಿಳಿ ಜುಬ್ಬ ತೊಟ್ಟು, ಬಿಳಿ ಪಂಚೆ ಉಟ್ಟುಕೊಂಡು, ಸೊಪ್ಪು ತಿಂದು ತಿಂದು ಬಡಕಲಾದ ಶ್ಯಾಮಣ್ಣ ಒಳಗೆ ಬಂದ. ಹಿಂದೆ ಕಮಲಮ್ಮ, ಹಣೆ ತುಂಬ ಕುಂಕುಮ. ಹೆದ್ದಾರಿಯಿಂದ ಊರಿಗೆ ತಿರುಗುತ್ತಲೇ ಗೋಡೆಗೋಡೆಯಲ್ಲಿ ಗಂಡನ ಮುಖ ಕಂಡು ಅವಳು ದಾರಿಯುದ್ದಕ್ಕೂ ಅವನ ಕೈ ಚಿವುಟಿ ಚಿವುಟಿ ನೋಡುತ್ತ ಬಂದಿದ್ದಳು. ತಮಟೆಯವನು ತಮಟೆ ಬಿಟ್ಟು ಓಡಿದ. ಆವುಲಪ್ಪ ಕುರ್ಚಿಯಿಂದ ಎದ್ದು, "ಬಾವ, ನಿಮ್ ರೂಮಿನ ಕುರ್ಚೀಲಿ ನಾನು ಕೂತಿರ್ನಿಲ್ಲ, ಧೂಳು ಒರೆಸ್ತಿದ್ದೆ" ಎಂದು ಯಾರೂ ಕೇಳದಿದ್ದ ಪ್ರಶ್ನೆಗೆ ಉತ್ತರ ಕೊಟ್ಟ.

ಯಾರಾದರೂ ಓಡಿಹೋಗಿ ಅಪ್ಪಿಕೊಂಡಾರು ಎಂದು ಚೆನ್ನಕೇಶವ ಕಾದ. ಯಾರೂ ಕದಲಲಿಲ್ಲ. ಮುಂದಿನ ಸಾಲಿನ ಮುಖಗಳಲ್ಲಿ ಸಂತೋಷದ ಸುಳಿವೂ ಇರಲಿಲ್ಲ, ಮೋಸ ಹೋದ ಗಿರಾಕಿಯ ಕೋಪವಿತ್ತು. ಮೊದಲು ಬಾಯಿ ಬಿಟ್ಟವನು ರಾಮಯ್ಯನೇ, ಮೈಕಿನ್ನೂ ಅವನ ಕೈಯಲ್ಲೇ ಇತ್ತು.

"ಏನ್ ಕೇಶವಣ್ಣ ಇದು? ಸತ್ತಿಲ್ವಲ್ಲ! ನಮ್ ದುಡ್ಡು ವಾಪಸ್ ಕೊಡಿ."

"ಹೌದೌದು, ವಾಪಸ್ ಕೊಡಿ. ಬದುಕಿರೋರಿಗೆಲ್ಲ ಯಾಕೆ?" ಎಂದ ಜಾತಕದವನು. ಶ್ಯಾಮಣ್ಣನಿಗೆ ಮೊನ್ನೆ ತಾನೇ ಇನ್ನೂ ಇಪ್ಪತ್ತು ವರ್ಷ ಆಯುಸ್ಸು ಬರೆದುಕೊಟ್ಟಿದ್ದವನು ಅವನೇ.

ಚೆನ್ನಕೇಶವ ರಶೀತಿ ಪುಸ್ತಕವನ್ನು ಕಂಕುಳಿಗೆ ಸೇರಿಸಿಕೊಂಡ. ದುಡ್ಡು ಹೋದರೆ ನಾಳೆಯೇ ವ್ಯಾನ್ ನಿಲ್ಲುತ್ತದೆ. ಹಿಂದಿನ ಸಾಲಿನಿಂದ ಪಿಳ್ಳಮ್ಮ ಅವನನ್ನೇ ನೋಡುತ್ತಿದ್ದಳು.

ಶ್ಯಾಮಣ್ಣ ವೇದಿಕೆ ಹತ್ತಿ ರಾಮಯ್ಯನ ಕೈಯಿಂದ ಮೈಕು ಕಿತ್ತುಕೊಂಡ. ತನ್ನ ಆಳೆತ್ತರದ ಚಿತ್ರ ನೋಡಿದ, ಹಾರ ಮುಟ್ಟಿ ನೋಡಿದ, ಗಂಧದ್ದೇ. ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಮುಂದಿನ ಸಾಲಿನ ಕಡೆ ತಿರುಗಿತು.

"ನಾನ್ ಬದುಕಿರೋದು ಯಾರ್ಯಾರ್ಗೆ ನಷ್ಟ ಆಗ್ಯದೆ, ಒಬ್ಬೊಬ್ರೇ ಬಂದು ಈ ಮೈಕಲ್ಲಿ ಹೇಳ್ರಪ್ಪ. ಶ್ಯಾಮಣ್ಣ ಸತ್ತಿದ್ರೆ ಕೊಡ್ತಿದ್ದೆ, ಬದುಕವ್ನೆ, ಅದಕ್ಕೆ ವಾಪಸ್ ಬೇಕು ಅಂತ. ಹೇಳಿ ಈಸ್ಕಂಡ್ ಹೋಗಿ."

ಎಲ್ಲರ ಫೋನುಗಳಲ್ಲೂ ವಿಡಿಯೋ ಓಡುತ್ತಿತ್ತು. ದುಡ್ಡು ಬೇಕಾದವರೆಲ್ಲ ಚಾವಣಿಯ ಫ್ಯಾನು ನೋಡತೊಡಗಿದರು.

"ಸತ್ತೋರಿಗೆ ಹಾಕೋ ಪೋಸ್ಟರೂ ಅಲ್ಲ ಇದು! ಕನ್ನಡ ಓದಾಕ್ ಬರ್ದಿರೋ ಮುಂಡೇವಾ, ಕೇಳ್ರಲಾ!" ಎಂದು ಗೆದ್ದ ಹುಮ್ಮಸ್ಸಿನಲ್ಲಿ ಶ್ಯಾಮಣ್ಣ ಪಕ್ಕದ ಪೋಸ್ಟರಿಗೆ ಕಣ್ಣು ಹಾಕಿದ. ಹಳೇ ಕಾಲದ ಕನ್ನಡ ಶಾಲೆಯವನು, ರಾಗವಾಗಿ ಓದಿದ. "ಮಕ್ಕಳ ವ್ಯಾನಿಗೆ ಒಂದು ವರ್ಷದ ಡೀಸೆಲ್ ಕೊಡುವುದಾಗಿ ಮಾತು ಕೊಟ್ಟ, ಶೀಘ್ರದಲ್ಲೇ ಕೊಡಲಿರುವ..." ಅಲ್ಲಿಗೆ ರಾಗ ನಿಂತಿತು. ಆದರೆ ಅಷ್ಟು ಹೊತ್ತಿಗೆ ಮಂಟಪಕ್ಕೆಲ್ಲ ಕೇಳಿಯಾಗಿತ್ತು.

ಪಿಳ್ಳಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದು ನಿಂತಳು. "ಅಂಗಾರೆ ನೀನಿನ್ನೂ ಕೊಟ್ಟಿಲ್ವಾ ಸಾಮಿ? ನಾನ್ ಸುಮ್ಕೆ ಅತ್ಬುಟ್ನಾ?"

ಕಮಲಮ್ಮ ತಲೆ ತಗ್ಗಿಸಿದಳು. ಇನ್ನೇನು ಜೇಬಿಗೆ ಕೈ ಹಾಕುತ್ತಾನೆ, ತಜ್ಞ ಹೇಳಿದ ಮಾತು ದಿಟವಾಯಿತು ಎಂದು ಚೆನ್ನಕೇಶವ ರಶೀತಿ ಪುಸ್ತಕ ತೆರೆದ. ಆದರೆ ಸೈಟು ಮಾರಿ ಪಳಗಿದವನು ಅಷ್ಟಕ್ಕೆಲ್ಲ ಸಿಕ್ಕಿಬೀಳುತ್ತಾನೆಯೇ? ಶ್ಯಾಮಣ್ಣ ಒಮ್ಮೆ ಗಂಟಲು ಸರಿ ಮಾಡಿಕೊಂಡ.

"ಕೊಟ್ಟಾಯ್ತಲ್ಲಮ್ಮ! ಇಲ್ಲಿ ಬಂದಿರೋ ದುಡ್ಡೆಲ್ಲ ಯಾರ್ ಹೆಸ್ರಲ್ಲಿ ಬಂದದ್ದು? ನನ್ ಹೆಸ್ರಲ್ಲಿ. ನನ್ ಹೆಸ್ರಲ್ಲಿ ಬಂದದ್ದು ನಂದೇ ಅಲ್ವಾ? ಅಷ್ಟನ್ನೂ ಈಗಿಂದೀಗ್ಲೇ ಮಕ್ಕಳ ಗಾಡಿಗೆ ದಾನ ಮಾಡಿವ್ನಿ. ಶ್ಯಾಮಣ್ಣ ಮಾತ್ ಕೊಟ್ರೆ ಕೊಟ್ಟಂಗೇ!"

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಆವುಲಪ್ಪ ಚಪ್ಪಾಳೆ ತಟ್ಟಿದ, ಕುರ್ಚಿ ಕಳೆದುಕೊಂಡವನು ಕೆಲಸವನ್ನಾದರೂ ಉಳಿಸಿಕೊಳ್ಳಬೇಕಲ್ಲ. ಅವನ ಹಿಂದೆ ಇಡೀ ಮಂಟಪ ತಟ್ಟಿತು. ದುಡ್ಡು ಕಳೆದುಕೊಂಡವರೂ ತಟ್ಟಿದರು, ವಿಡಿಯೋ ಇನ್ನೂ ಓಡುತ್ತಿತ್ತು. ಅಷ್ಟರಲ್ಲಿ ಕಾಫಿ ಬಂತು.

ಸೋಮವಾರ ವ್ಯಾನ್ ಹೊರಟಿತು. ಅದರ ಎರಡೂ ಪಕ್ಕದಲ್ಲಿ "ದಾನವೀರ ಶ್ಯಾಮಣ್ಣನವರ ಕೊಡುಗೆ" ಎಂದು ಬರೆಸಲಾಗಿತ್ತು. ಬಣ್ಣದ ಖರ್ಚನ್ನು ಶ್ಯಾಮಣ್ಣ ಟ್ರಸ್ಟಿನಿಂದಲೇ ಕೊಡಿಸಿದ. ಚೆನ್ನಕೇಶವ ತಾನೂ ವ್ಯಾನಿನಲ್ಲಿ ಕೂತು ಹಟ್ಟಿಯವರೆಗೆ ಹೋದ. ಕಾಡಂಚಿನ ಹೊಲಗಳಲ್ಲಿ ರಾಗಿ ತುಳಿದು ಹೋದ ಗುರುತು ಹಸಿಯಾಗಿತ್ತು, ದಾರಿಯ ಮೇಲೆ ಆನೆಯ ಲದ್ದಿ ಬಿದ್ದಿತ್ತು. ಮೇಘಶ್ರೀ ಚೀಲ ಹಾಕಿಕೊಂಡು ವ್ಯಾನ್ ಹತ್ತಿದಳು. ಅದನ್ನು ಕಂಡು ಚೆನ್ನಕೇಶವನ ಕಣ್ಣಲ್ಲಿ ನೀರು ಬಂತು, ಈ ಸಲ ಯಾರೂ ಸಾಯದೆ.

ಪಿಳ್ಳಮ್ಮ ಅವನಿಗೊಂದು ಲೋಟ ಮಜ್ಜಿಗೆ ತಂದುಕೊಟ್ಟು, ಅವನು ಕುಡಿದು ಮುಗಿಸುವವರೆಗೂ ಎದುರಿಗೆ ನಿಂತಿದ್ದಳು. ಏನೋ ಲೆಕ್ಕ ಹಾಕುತ್ತಿದ್ದಂತಿತ್ತು.

"ಈ ವರ್ಸ ಪರೀಕ್ಸೆಗಂಟ ಗಾಡಿ ಓಡ್ತದೆ ಅಲ್ವಾ ಕೇಶವಪ್ಪ?"

"ಓಡ್ತದೆ ಪಿಳ್ಳಮ್ಮ. ಏನೂ ಯೋಚ್ನೆ ಮಾಡ್ಬ್ಯಾಡ."

"ಚಿಕ್ಕ ಮೊಮ್ಮಗಳು ಬರೋ ವರ್ಸ ಹೈಸ್ಕೂಲಿಗೆ ಬತ್ತಾಳೆ. ಅದಕ್ಕೆ ಕೇಳ್ತಿವ್ನಿ" ಎಂದು ಪಿಳ್ಳಮ್ಮ ಲೋಟ ಈಸಿಕೊಂಡಳು. ಅವಳ ಮುಖದಲ್ಲಿ ತಮಾಷೆಯ ಗುರುತೇ ಇರಲಿಲ್ಲ. "ಬರೋ ವರ್ಸಕ್ಕೆ ಯಾರ್ನ ಸಾಯಿಸ್ತೀಯ?"

ಯೋಚನೆ ಮಾಡಿ ಹೇಳುತ್ತೇನೆ ಎಂದ ಚೆನ್ನಕೇಶವ. ಹೊಸೂರಿಗೆ ಬಸ್ಸಿನಲ್ಲಿ ವಾಪಸಾಗುವಾಗ ಕಿಟಕಿಯ ಪಕ್ಕ ಕೂತು, ಊರಿನ ದೊಡ್ಡ ಮನುಷ್ಯರನ್ನು ಒಬ್ಬೊಬ್ಬರನ್ನಾಗಿ ನೆನೆಸಿಕೊಳ್ಳುತ್ತ, ಅದನ್ನೇ ಯೋಚಿಸಿದ.